ಕಡೀತನಕ ನೋಡಿದ ಸಿನಿಮಾ

ಪಂಪಾಪತಿ ಮಾಸ್ತರರು ಹದಿನಾಲ್ಕು ಸಿನಿಮಾ ಮಾಡಿದ್ದರು. ಒಂದನ್ನಾದರೂ ಕಡೆಯವರೆಗೆ ನೋಡಿದ ಮನುಷ್ಯ ಕೊಪ್ಪಳ ಜಿಲ್ಲೆಯಲ್ಲಿ ಇರಲಿಲ್ಲ. ಜಿಲ್ಲೆಯ ಆಚೆ ಇದ್ದ ಬಗ್ಗೆಯೂ ಪುರಾವೆ ಇಲ್ಲ. ಅವರ ಹೆಂಡತಿ ಶಾಂಭವಿ ಅಂಗನವಾಡಿ ಮೇಲ್ವಿಚಾರಕಿ. ಮದುವೆಯಾದ ಹೊಸತರಲ್ಲಿ ಅವರು ಒಂದು ಸಿನಿಮಾವನ್ನು ಅರ್ಧದವರೆಗೆ ನೋಡಿ, ಹಾಲು ಉಕ್ಕುತ್ತದೆಂದು ಎದ್ದು ಹೋಗಿದ್ದರು. ಒಲೆಯ ಮೇಲೆ ಹಾಲು ಇಟ್ಟೇ ಇರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತು.

ಮಾಸ್ತರರ ಹುಟ್ಟೂರು ಅಳವಂಡಿ, ಮನೆ ಯಲಬುರ್ಗಾದಲ್ಲಿ, ನೌಕರಿ ತುಮ್ಮಿನಾಳದ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನದು. ಹರೆಯದಲ್ಲಿ ಪುಣೆಗೆ ಹೋಗಿ ಒಂದು ಬೇಸಿಗೆ ಶಿಬಿರದಲ್ಲಿ ಸಿನಿಮಾ ಕಲಿತು, ಒಂದು ಗಡ್ಡ ಮತ್ತು ಎರಡು ಸಿದ್ಧಾಂತ ತೆಗೆದುಕೊಂಡು ವಾಪಸು ಬಂದಿದ್ದರು. ಕ್ಯಾಮೆರಾದ ಮುಂದೆ ಇರುವುದನ್ನು ಮುಟ್ಟಬಾರದು, ತೆಗೆದದ್ದನ್ನು ಕತ್ತರಿಸಬಾರದು. ಗಡ್ಡವನ್ನೂ ಕತ್ತರಿಸಲಿಲ್ಲ.

ಈ ಸಿದ್ಧಾಂತಗಳಿಂದ ಹುಟ್ಟಿದ ಮೊದಲ ಸಿನಿಮಾ 'ನಳ'. ಕುಷ್ಟಗಿಯ ಒಂದು ಓಣಿಯಲ್ಲಿ ಕೊಡಗಳ ಸಾಲು, ಅದರ ಮುಂದೆ ನೀರು ಬಾರದ ನಳ. ಸಿನಿಮಾದಲ್ಲಿ ಕಡೆಗೂ ನೀರು ಬರುವುದಿಲ್ಲ ಎಂದು ಮಾಸ್ತರರೇ ಹೇಳುತ್ತಿದ್ದರು, ಪರೀಕ್ಷಿಸಿದವರಿಲ್ಲ. ಎರಡನೆಯದು 'ಕಿಟಕಿ'. ಯಲಬುರ್ಗಾದಿಂದ ಕುಷ್ಟಗಿಯವರೆಗೆ ಬಸ್ಸಿನಲ್ಲಿ ಮುಂದಿನ ಸೀಟಿನವನ ನಿದ್ದೆಯ ತಲೆ. ಒಂದು ಸಿನಿಮಾ ಜರ್ಮನಿಯ ಯಾವುದೋ ಊರಿನ ಉತ್ಸವಕ್ಕೆ ಹೋಗಿ 'ಭಾಗವಹಿಸಿದ್ದಾರೆ' ಎಂಬ ಪ್ರಮಾಣಪತ್ರ ತಂದಿತ್ತು. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಬಿಟ್ಟಿದ್ದರು. ಅಂತರ್ಜಾಲದಲ್ಲಿ ಹಾಕಿದ ಅದೇ ಸಿನಿಮಾವನ್ನು ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಎಂಬ ಲೆಕ್ಕವೂ ಫೋನಿನಲ್ಲಿ ಬರುತ್ತಿತ್ತು. ಒಂದು ಸಲ ಸೀನುವಷ್ಟು ಹೊತ್ತು.

ಆದರೆ ಗೌರವಕ್ಕೆ ಕೊರತೆ ಇರಲಿಲ್ಲ. ಕೊಪ್ಪಳದಲ್ಲಿ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ವೇದಿಕೆಯ ಮೇಲಿದ್ದ ಹನ್ನೊಂದು ಮಂದಿಯೂ ಮಾತಾಡಿದ ಮೇಲೆ ಸಭಾಂಗಣದ ಬಾಡಿಗೆ ಅವಧಿ ಮುಗಿದು, ಸಿನಿಮಾ ತೋರಿಸುವುದನ್ನು ಮುಂದೂಡಲಾಯಿತು. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಮಾಲೀಕರೊಬ್ಬರು ತಮ್ಮ ಟಾಕೀಸನ್ನು ಒಂದು ಮುಂಜಾನೆ ಬಿಟ್ಟುಕೊಟ್ಟರು. ಪರದೆಯ ಮೇಲೆ ಗೋಡೆಯ ಸುಣ್ಣ ಒಣಗುತ್ತಿರುವಾಗ ಜನ ಹಿಂದಕ್ಕೆ ತಿರುಗಿ, ಯಂತ್ರ ನಿಂತಿದೆಯೆಂದು ಆಪರೇಟರನಿಗೆ ಬೈದು, ಉಪ್ಪಿಟ್ಟು ಸಿಗುವ ಕಡೆ ಹೋದರು. ಮಾಸ್ತರರು ಈ ಎಲ್ಲ ಕಾರ್ಯಕ್ರಮಗಳ ಫೋಟೊ ಇಟ್ಟುಕೊಂಡಿದ್ದರು. ಅವರಿಗೆ ಬೇಕಾದದ್ದು ಮಾತ್ರ ಯಾವ ಫೋಟೊದಲ್ಲೂ ಇರಲಿಲ್ಲ. ಒಂದೇ ಒಂದು ಸಲ, ತನ್ನ ಜಿಲ್ಲೆಯ ಜನ ತನ್ನ ಒಂದು ಸಿನಿಮಾವನ್ನು ಮೊದಲಿಂದ ಕಡೆಯವರೆಗೆ ಕೂತು ನೋಡಬೇಕು. ಮೆಚ್ಚದಿದ್ದರೂ ಅಡ್ಡಿಯಿಲ್ಲ, ಕೂತರೆ ಸಾಕು.

ಶಾಲೆಯಲ್ಲಿ ಅವರ ಪಾಠ ಪ್ರಸಿದ್ಧವಾಗಿತ್ತು. ಮಕ್ಕಳನ್ನು ಒಂದಿಡೀ ಪಿರಿಯಡ್ ಗೋಡೆ ನೋಡಲು ಕೂರಿಸುತ್ತಿದ್ದರು. "ಮುಟ್ಟಬ್ಯಾಡ್ರಿ, ನೋಡ್ರಿ. ಜಗತ್ತು ತಾನ ಬರ್ತೈತಿ" ಎನ್ನುತ್ತಿದ್ದರು. ಮುಖ್ಯೋಪಾಧ್ಯಾಯರು ಈ ವಿಧಾನವನ್ನು ಬಹಳ ಹೊಗಳುತ್ತಿದ್ದರು, ಏಕೆಂದರೆ ಇಡೀ ಶಾಲೆಯಲ್ಲಿ ಗದ್ದಲವಿಲ್ಲದ ತರಗತಿ ಅದೊಂದೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಆ ಪಿರಿಯಡ್ಡನ್ನು ಗಣಿತದವರಿಗೆ ಕೊಡುತ್ತಿದ್ದರು. ಗೋಡೆ ಎಲ್ಲಿಗೂ ಹೋಗುವುದಿಲ್ಲವಲ್ಲ.

ಇಂಥ ಮನುಷ್ಯನ ಮನೆಗೆ ಒಂದು ದಿನ ತುಮ್ಮಿನಾಳದ ಹಿರಿಯ ಮುದಿಯಪ್ಪ, ಊರಿನ ಗೊಬ್ಬರದಂಗಡಿಯ ವಿರೂಪಾಕ್ಷಪ್ಪ ಮತ್ತು ಸಣ್ಣ ರೈತ ಗ್ಯಾನಪ್ಪ ಮೂವರೂ ಕೂಡಿ ಬಂದರು. ವಿರೂಪಾಕ್ಷಪ್ಪ ಮತ್ತು ಗ್ಯಾನಪ್ಪ ಒಂದೇ ಬಾಗಿಲಲ್ಲಿ ಒಳಗೆ ಬಂದದ್ದೇ ಸುದ್ದಿ. ಅವರ ಹೊಲಗಳು ಪಕ್ಕಪಕ್ಕ. ಹನ್ನೆರಡು ವರ್ಷದಿಂದ ಆ ಎರಡು ಮನೆಗಳ ನಡುವೆ ಮಾತಿಲ್ಲ.

"ಮಾಸ್ತರ, ನೀವು ಇವ್ರ ಹೊಲದಾಗ ಒಂದು ಸಿನಿಮಾ ತೆಗ್ದಿದ್ರಲ್ಲ?" ಎಂದು ಮುದಿಯಪ್ಪ ಕೇಳಿದ. "ಅದು ಇನ್ನೂ ಐತೇನ್ರಿ?"

ಮಾಸ್ತರರು ಮೂವರಿಗೂ ಕುರ್ಚಿ ಎಳೆದು ಹಾಕಿದರು. ತಾನಾಗಿ ಬಂದು ಸಿನಿಮಾ ಕೇಳಿದವರನ್ನು ಅವರು ಅದೇ ಮೊದಲು ನೋಡುತ್ತಿದ್ದುದು.

ವಿಷಯ ಗಾಳಿ ಫ್ಯಾನಿನದು. ಕಂಪನಿಯವರು ಗಾಳಿಯಂತ್ರದ ಕಂಬ ನಿಲ್ಲಿಸಲು ಒಂದು ಜಾಗ ಗುರುತು ಮಾಡಿದ್ದರು. ಆ ಜಾಗ ಸರಿಯಾಗಿ ಎರಡು ಹೊಲಗಳ ನಡುವೆ, ಗಡಿಯ ತಕರಾರು ಇದ್ದಲ್ಲೇ ಬರುತ್ತಿತ್ತು; ಹೊಲ ಯಾರದೋ ಕಂಪನಿಯ ದುಡ್ಡು ಅವರಿಗೆ. ಬದುವನ್ನು ಎರಡೂ ಕಡೆಯವರು ವರ್ಷ ವರ್ಷ ಒಂದೊಂದು ಸಾಲು ಉತ್ತು ಎಂದೋ ಮುಗಿಸಿದ್ದರು. ಗಡಿ ತೋರಿಸುತ್ತಿದ್ದ ಬಾಂದಗಲ್ಲು ವಿರೂಪಾಕ್ಷಪ್ಪನ ಕೃಷಿ ಹೊಂಡ ತೋಡುವಾಗ ಜೇಸಿಬಿಯ ಬಾಯಿಗೆ ಹೋಗಿತ್ತು. ಕಲ್ಲು ಬೇವಿನ ಗಿಡದ ಬುಡದಲ್ಲೇ ಇತ್ತು ಎಂದು ಗ್ಯಾನಪ್ಪ ಹೇಳುತ್ತಿದ್ದ. ಗಿಡದಿಂದ ಆಚೆ, ಗ್ಯಾನಪ್ಪನ ಕಡೆಗೆ ಒಳಗಿತ್ತು ಎಂದು ವಿರೂಪಾಕ್ಷಪ್ಪ. ಸರ್ಕಾರಿ ಅಳತೆಗೆ ಅರ್ಜಿ ಹಾಕಿದರೆ ಅದು ಬರುವಷ್ಟರಲ್ಲಿ ಕಂಪನಿಯವರು ಹನುಮಸಾಗರದ ಕಡೆ ಹೋಗಿಬಿಡುತ್ತಾರೆ. ಖಾಸಗಿಯಾಗಿ ಅಳೆಯುವವನೊಬ್ಬನನ್ನು ಕರೆಸಿದ್ದರು. ಅವನು ಗ್ಯಾನಪ್ಪನ ಮನೆಯಲ್ಲಿ ಚಹಾ ಕುಡಿದು ಒಂದು ಗೆರೆ ಹೇಳಿದ, ವಿರೂಪಾಕ್ಷಪ್ಪನ ಮನೆಯಲ್ಲಿ ಊಟ ಮಾಡಿ ಇನ್ನೊಂದು ಗೆರೆ ಹೇಳಿದ.

"ಅದಕ್ಕ ದೈವದವರು ಕೂಡಿ ಮಾತಾಡೇವಿ," ಎಂದ ಮುದಿಯಪ್ಪ. ಆ ಸೀಮೆಯಲ್ಲಿ ದೈವ ಎಂದರೆ ಗುಡಿಯಲ್ಲಿರುವುದಷ್ಟೇ ಅಲ್ಲ, ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಊರ ಮಂದಿಯೂ ಹೌದು. "ಮನಶ್ಯಾ ಸುಳ್ಳು ಹೇಳಬೌದು, ಕ್ಯಾಮೆರಾ ಹೇಳಂಗಿಲ್ಲ. ಕಲ್ಲು ಎಲ್ಲಿ ಕಾಣತೈತಿ, ಗಡಿ ಅಲ್ಲೇ. ಇಬ್ಬರೂ ಒಪ್ಪ್ಯಾರ."

ಇಬ್ಬರೂ ಒಪ್ಪಿದ್ದಕ್ಕೆ ಬೇರೆ ಬೇರೆ ಕಾರಣ ಇತ್ತು. ಸಿನಿಮಾ ತೆಗೆದ ದಿನಗಳಲ್ಲೇ ಕಲ್ಲು ಆಚೆ ಇದ್ದದ್ದನ್ನು ವಿರೂಪಾಕ್ಷಪ್ಪ ಕಣ್ಣಾರೆ ನೋಡಿದ್ದ. ಅದು ಮೊದಲು ಗಿಡದ ಬುಡದಲ್ಲಿತ್ತು ಎನ್ನುವುದೂ ಅವನಿಗೆ ಗೊತ್ತಿತ್ತು. ಆದರೆ ತಾನಾಗಿ ಬಂದ ಕಲ್ಲನ್ನು ಯಾಕೆ ಬಂದೆ ಎಂದು ಕೇಳುವುದು ಅವನ ಸ್ವಭಾವದಲ್ಲಿರಲಿಲ್ಲ. ಗ್ಯಾನಪ್ಪ ಮಾತ್ರ, ಸಿನಿಮಾ ತೆಗೆದು ಹೋದ ಮೇಲೆ ವಿರೂಪಾಕ್ಷಪ್ಪನೇ ಕಲ್ಲು ಸರಿಸಿದ್ದಾನೆ ಎಂದು ನಂಬಿದ್ದ. ಅಂದು ಹಾಗೆಂದು ಕೂಗಾಡಿ ಸುಳ್ಳ ಎನ್ನಿಸಿಕೊಂಡವನು ಅವನೇ.

ಮಾಸ್ತರರು ಗಡ್ಡ ನೀವಿಕೊಂಡು, "ತೋರಸ್ತೀನಿ. ಆದ್ರ ಒಂದು ಕರಾರು," ಎಂದರು. "ದೈವದವರೆಲ್ಲಾ ಮೊದಲಿಂದ ಕಡೀತನಕ ಕುಂತು ನೋಡಬೇಕು. ನಡುವ ಏಳಂಗಿಲ್ಲ, ಫೋನ್ ಹಿಡ್ಯಂಗಿಲ್ಲ. ಆಣಿ ಮಾಡ್ರಿ."

"ಎಷ್ಟೊತ್ತಿಂದ್ರಿ?"

"ಒಂದ ತಾಸು."

"ಅಷ್ಟನಾ!" ಎಂದು ಗ್ಯಾನಪ್ಪ ಉಳಿದಿಬ್ಬರಿಗಿಂತ ಮೊದಲು ಉತ್ಸಾಹದಿಂದ ಆಣೆ ಮಾಡಿದ. ಪಾಪ, ಅವನು ಮಾಸ್ತರರ ಸಿನಿಮಾ ನೋಡಿರಲಿಲ್ಲ.

ಅವರು ಹೋದ ಮೇಲೆ ಶಾಂಭವಿ ಚಹಾದ ಕಪ್ಪು ಎತ್ತುತ್ತ, "ಅಂತೂ ಮಂದಿನ್ನ ಕಟ್ಟಿಹಾಕಿ ತೋರಸೂ ದಾರಿ ಸಿಕ್ಕತು ನೋಡ್ರಿ ನಿಮಗ," ಎಂದರು.

"ನೀನೂ ಬಾ."

"ನಾ ಯಾಕ? ನಂದೇನು ಹೊಲ ಹೊಂಟೈತೇನು?"

ಭಾನುವಾರ ಮಧ್ಯಾಹ್ನ ಶಾಲೆಯ ಸ್ಮಾರ್ಟ್ ಕ್ಲಾಸ್ ಕೋಣೆಯ ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಕತ್ತಲು ಮಾಡಿದರು. ಪ್ರೊಜೆಕ್ಟರ್ ನಡೆಸಲು ಗವಿಸಿದ್ದೇಶ ಬಂದ. ಅವನು ಮಾಸ್ತರರ ಹಳೆಯ ವಿದ್ಯಾರ್ಥಿ. ಆ ಹೊಲದ ಸಿನಿಮಾ 'ಬದು' ತೆಗೆದಾಗ ಒಂಬತ್ತನೆಯ ತರಗತಿಯಲ್ಲಿದ್ದ, ಕ್ಯಾಮೆರಾದ ಸ್ಟ್ಯಾಂಡು ಹೊತ್ತಿದ್ದ. ಈಗ ಯಲಬುರ್ಗಾದಲ್ಲಿ ಸ್ಟುಡಿಯೋ ಇಟ್ಟು ಮದುವೆಗಳ ಮೇಲೆ ಡ್ರೋನ್ ಹಾರಿಸುತ್ತಾನೆ. ಮಾಸ್ತರರ ಸಿದ್ಧಾಂತಗಳಲ್ಲಿ ಒಂದನ್ನೂ ಪಾಲಿಸದೆ ಎರಡಂತಸ್ತಿನ ಮನೆ ಕಟ್ಟಿಸಿದ್ದಾನೆ.

"ಸರ, ಈ ಸಿನಿಮಾನ ತೋರಸ್ತೀರೇನ್ರಿ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಯಾಕ?"

"ಏನಿಲ್ರಿ. ನೆನಪೈತೋ ಇಲ್ಲೋ ಅಂತ ಕೇಳ್ದೆ."

"ನನ್ನ ಸಿನಿಮಾ ನನಗ ನೆನಪಿರಂಗಿಲ್ಲೇನೋ?" ಎಂದರು ಮಾಸ್ತರರು. ಸತ್ಯ ಹೇಳಬೇಕೆಂದರೆ ಅವರೂ ಅದನ್ನು ಕಡೆಯವರೆಗೆ ನೋಡಿರಲಿಲ್ಲ.

ಕೋಣೆಯಲ್ಲಿ ನಲವತ್ತು ಮಂದಿ. ಗ್ಯಾನಪ್ಪನ ಹೆಂಡತಿ ಹೊಳಿಯಮ್ಮ ಮುಂದಿನ ಬೆಂಚಿನಲ್ಲಿ, ಕಣ್ಣು ಗೋಡೆಗೆ ನೆಟ್ಟು. ಶಾಂಭವಿಯೂ ಬಂದು ಬಾಗಿಲ ಹತ್ತಿರ ಕೂತರು. ಬೆವರು, ಎಲೆ ಅಡಿಕೆ, ತಾಡಪತ್ರಿಯ ವಾಸನೆ. ಗೋಡೆಯ ಮೇಲೆ ಬೆಳಕು ಬಿತ್ತು. ಕಡಲೆ ಬಿತ್ತಿದ ಕಪ್ಪು ಹೊಲ. ಎಡಕ್ಕೆ ಬೇವಿನ ಗಿಡ. ಅದರಿಂದ ದೂರ, ಬಲಕ್ಕೆ, ಬಯಲಿನಲ್ಲಿ ಒಂಟಿಯಾಗಿ, ಆಕಾಶಕ್ಕೆ ಎದುರಾಗಿ ಬಾಂದಗಲ್ಲು.

ವಿರೂಪಾಕ್ಷಪ್ಪನ ಕಡೆಯವರು ಚಪ್ಪಾಳೆ ಹೊಡೆದರು. ಮಾಸ್ತರರ ಸಿನಿಮಾವೊಂದಕ್ಕೆ ಬಿದ್ದ ಮೊದಲ ಚಪ್ಪಾಳೆ ಅದು.

"ನೋಡ್ರಿ! ಎಲ್ಲೈತಿ? ಗಿಡದ ಬುಡದಾಗೈತೇನು?" ಎಂದು ವಿರೂಪಾಕ್ಷಪ್ಪ ಎದ್ದು ನಿಂತು ಪಂಚೆ ಸರಿಮಾಡಿಕೊಂಡ. "ಮುಗೀತಲ್ಲ. ನಡೀರಿ ಇನ್ನ."

ಪ್ರೊಜೆಕ್ಟರಿನ ಹಿಂದಿನಿಂದ ಗವಿಸಿದ್ದೇಶ ತಿರುಗಿ ಮಾಸ್ತರರನ್ನು ನೋಡಿದ. ಆ ನೋಟದಿಂದ ಮಾಸ್ತರರಿಗೆ ನೆನಪಾಯಿತು.

ಅಂದು ಕಲ್ಲು ಗಿಡದ ಬುಡದಲ್ಲೇ ಇತ್ತು. ನೆರಳಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಚೌಕಟ್ಟಿನ ಬಲಭಾಗ ಖಾಲಿ ಹೊಡೆಯುತ್ತಿತ್ತು. ಹಾರೆ ಹಾಕಿ ಮೀಟಿ, ಮಾಸ್ತರರು ಒಂದು ತುದಿ, ಗವಿಸಿದ್ದೇಶ ಒಂದು ತುದಿ ಹಿಡಿದು, ಕಲ್ಲನ್ನು ಒಯ್ದು ಬಯಲಲ್ಲಿ ಹುಗಿದಿದ್ದರು. ತೆಗೆದು ಮುಗಿದ ಮೇಲೆ ವಾಪಸು ಇಡೋಣ ಎಂದುಕೊಂಡಿದ್ದರು. ಆದರೆ ಕ್ಯಾಸೆಟ್ಟು ಮುಗಿಯುವುದಕ್ಕೂ ಯಲಬುರ್ಗಾಕ್ಕೆ ಹೋಗುವ ಕೊನೆಯ ಬಸ್ಸು ಹಾರನ್ ಹೊಡೆಯುವುದಕ್ಕೂ ಸರಿಹೋಯಿತು. ಆಮೇಲೆ ಮಾಸ್ತರರು ಮಕ್ಕಳಿಗೆ 'ಮುಟ್ಟಬ್ಯಾಡ್ರಿ' ಎಂದು ಹೇಳಿ ಹೇಳಿ, ತಾವೂ ಮುಟ್ಟಿರಲಿಲ್ಲ ಎಂದೇ ನಂಬಿಬಿಟ್ಟಿದ್ದರು.

ಈಗ ಹೇಳಬಹುದಿತ್ತು. ಹೇಳಿದರೆ ಸಿನಿಮಾ ಅಲ್ಲಿಗೇ ನಿಲ್ಲುತ್ತಿತ್ತು. ನಲವತ್ತು ಮಂದಿ ಕೂತಿದ್ದಾರೆ. ಮಾಸ್ತರರು ಆ ನಲವತ್ತು ತಲೆಗಳನ್ನು ಹಿಂದಿನಿಂದ ಒಮ್ಮೆ ನೋಡಿದರು.

"ಕುಂದರ್ರಿ ವಿರೂಪಾಕ್ಷಪ್ನೋರ," ಎಂದರು. "ಆಣಿ ಮಾಡೀರಿ. ಕಡೀತನಕ."

ವಿರೂಪಾಕ್ಷಪ್ಪ ಕೂತ. ಗೆದ್ದವನಿಗೆ ಒಂದು ತಾಸು ಏನು ಮಹಾ?

ಮಹಾ ಎನ್ನುವುದು ಬೇಗನೇ ಗೊತ್ತಾಯಿತು. ಗೋಡೆಯ ಮೇಲೆ ಹೊಲ ಇತ್ತು, ಗಿಡ ಇತ್ತು, ಕಲ್ಲು ಇತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೂ ಅವೇ ಇದ್ದವು. ಒಂದು ಕಾಗೆ ಬಂದು ಕಲ್ಲಿನ ಮೇಲೆ ಕೂತಾಗ ಕೋಣೆಯಲ್ಲಿ ಸಂಚಲನವಾಯಿತು. "ಏ, ಕಾಗಿ ಬಂತೋ!" ಎಂದು ಯಾರೋ ಪಕ್ಕದವನನ್ನು ಎಬ್ಬಿಸಿದರು. ಕಾಗೆ ಹೋಯಿತು. "ಇದರಾಗ ಹೀರೋ ಯಾರ್ರಿ?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. "ಕಲ್ಲು," ಎಂದು ಮುದಿಯಪ್ಪ ಗಂಭೀರವಾಗಿ ಹೇಳಿದ. "ಸುಮ್ನ ನೋಡ್ರಲೇ, ಆಣಿ ಐತಿ."

ಮಾಸ್ತರರ ಎದೆ ತುಂಬಿತ್ತು. ಅವರೂ ನೋಡತೊಡಗಿದರು. ಆಗಲೇ ಅವರಿಗೆ ಗಿಡದ ಬುಡದಲ್ಲಿ ಏನೋ ಕಂಡಿತು.

ಚಿತ್ರದಲ್ಲಿ ಸೂರ್ಯ ಇಳಿಯುತ್ತಿದ್ದ. ಬಿಸಿಲು ಗಿಡದ ಕೆಳಗೆ ಓರೆಯಾಗಿ ನುಗ್ಗಿ ಪ್ರತಿ ಹೆಂಟೆಗೂ ನೆರಳು ಕೊಡುತ್ತಿತ್ತು. ಅಲ್ಲಿಯವರೆಗೆ ಬರೀ ಕಪ್ಪಾಗಿದ್ದ ಗಿಡದ ಬುಡದಲ್ಲಿ ಒಂದು ಚೌಕ ನೆರಳು ಮೂಡುತ್ತಿತ್ತು. ಕಲ್ಲು ಕಿತ್ತ ತೆಗ್ಗು. ಅದರ ಪಕ್ಕದಲ್ಲಿ ಒರಗಿಸಿಟ್ಟ ಹಾರೆ.

ಇಪ್ಪತ್ತು ವರ್ಷ ಯಾರಾದರೂ ಕಡೆಯವರೆಗೆ ನೋಡಲಿ ಎಂದು ಬಯಸಿದ ಮನುಷ್ಯ ಈಗ, ಇವರು ಎದ್ದು ಹೋಗಲಿ ಎಂದು ಕೊಪ್ಪಳದ ಮಠದ ಗವಿಸಿದ್ದಪ್ಪಜ್ಜನಿಗೆ ಹರಕೆ ಹೊತ್ತ.

"ಇನ್ನ... ಇನ್ನ ಸಾಕನಸ್ತೈತಿ," ಎಂದು ಮಾಸ್ತರರು ಕೆಮ್ಮಿದರು. "ಕಲ್ಲಂತೂ ಕಂಡೈತಿ. ಸೆಕಿ ಭಾಳ ಆಗೈತಿ. ಮುಂದಿಂದೂ ಹಿಂಗ ಐತ್ರಿ, ಬ್ಯಾರೆ ಏನಿಲ್ಲ."

"ಹಂಗಂದ್ರ ಹೆಂಗ್ರಿ?" ಎಂದ ಮುದಿಯಪ್ಪ. "ಕುಂದರ್ರಿ ಅಂತ ಕುಂದ್ರಿಸಿದವ್ರು ನೀವು. ಇಷ್ಟು ನೋಡೇವಿ, ಇನ್ನಷ್ಟು ನೋಡ್ತೀವಿ."

"ಚಹಾ ತರಸ್ತೀನ್ರಿ. ಹೊರಗ ಕುಡ್ಯೂಣು."

"ಸಿನಿಮಾ ಮುಗೀಲಿ, ಆಮ್ಯಾಲ."

"ಹಾಲು ಉಕ್ಕತಾವ ಅಂತ ಹೇಳ್ರಿ ಅವ್ರಿಗೆ," ಎಂದು ಬಾಗಿಲ ಕಡೆಯಿಂದ ಶಾಂಭವಿಯ ದನಿ ಬಂತು.

ಆ ಹೊತ್ತಿಗೆ ಹೊಳಿಯಮ್ಮ ಬೆಂಚಿನಿಂದ ಎದ್ದು ಗೋಡೆಯ ಹತ್ತಿರ ಹೋಗಿದ್ದಳು. ಹೊಲವೆಲ್ಲ ಅವಳ ಸೀರೆಯ ಮೇಲೆ ಬಿತ್ತು. ಬೆರಳಿನಿಂದ ಗಿಡದ ಬುಡ ಮುಟ್ಟಿದಳು. "ಇದೇನ್ರಿ ಇಲ್ಲಿ? ತೆಗ್ಗಲ್ಲೇನಿದು? ಹಾರಿ ಇಟ್ಟಾರ ನೋಡ್ರಿ ಮಗ್ಗಲಕ್ಕ. ಹಸೀ ತೆಗ್ಗು!"

ಒಂದು ಕ್ಷಣ ಎಲ್ಲರೂ ಗೋಡೆಗೆ ಕಣ್ಣು ಕೀಲಿಸಿದರು. ಅಷ್ಟು ಏಕಾಗ್ರತೆಯಿಂದ ಯಾವ ಉತ್ಸವದಲ್ಲೂ ಯಾರೂ ಸಿನಿಮಾ ನೋಡಿರಲಾರರು. ಆಮೇಲೆ ಗ್ಯಾನಪ್ಪ ಬೆಂಚು ಹಾರಿ ವಿರೂಪಾಕ್ಷಪ್ಪನ ಅಂಗಿ ಹಿಡಿದ.

"ಸಿನಿಮಾಕ್ಕಿಂತ ಮದ್ಲ ಕಿತ್ತಿಯೇನಲೇ? ಬೆಳಿಗ್ಗೆ ಕಿತ್ತು ಸಂಜಿಕೆ ಫೋಟೋ ತೆಗಿಸಿದ್ಯಾ?"

"ಏ ಬಿಡಲೇ! ನಾ ಮುಟ್ಟಿಲ್ಲ! ನಮ್ಮಪ್ಪನಾಣಿ, ಮುಟ್ಟಿಲ್ಲ!"

ಅವನು ಆಣೆ ಮಾಡಿ ಸತ್ಯ ಹೇಳಿದ್ದು ಬಹುಶಃ ಅದೊಂದೇ ಸಲ, ಯಾರೂ ನಂಬಲಿಲ್ಲ. ಎರಡು ಬೆಂಚು ಉರುಳಿದವು. ತಾಡಪತ್ರಿ ಹರಿಯಿತು, ಬಿಸಿಲು ಒಳಗೆ ಬಂತು, ಗೋಡೆಯ ಮೇಲಿನ ಹೊಲ ಮಸುಕಾಯಿತು. ಗದ್ದಲದಲ್ಲಿ ಸಿನಿಮಾ ತನ್ನ ಪಾಡಿಗೆ ತಾನು ಮುಗಿಯಿತು.

"ಹೊಲಕ್ಕ ನಡೀರಿ," ಎಂದು ಮುದಿಯಪ್ಪ ಕೋಲು ಕುಟ್ಟಿದ. "ಮಣ್ಣು ಹೊರಸೂಣು."

ಮಣ್ಣು ಹೊರಿಸುವುದು ಎಂದರೆ ಆ ಊರಿನ ಕಡೆಯ ನ್ಯಾಯ. ಗಡಿ ಬಲ್ಲವನು ಆ ಹೊಲದ ಹಸಿ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಬದು ತುಳಿದು ನಡೆಯಬೇಕು. ಎಲ್ಲಿ ನಿಂತು ಮಣ್ಣು ಇಳಿಸುತ್ತಾನೋ ಅಲ್ಲಿ ಗಡಿ. ಸುಳ್ಳು ಜಾಗದಲ್ಲಿ ಇಳಿಸಿದವನ ತಲೆಯ ಮೇಲಿಂದ ಆ ಮಣ್ಣು ಸಾಯುವ ತನಕ ಇಳಿಯುವುದಿಲ್ಲ ಎಂದು ಹೇಳುತ್ತಾರೆ. ಬಾಂಡ್ ಪೇಪರಿನ ಮೇಲೆ ಕಣ್ಣು ಮುಚ್ಚಿ ಸುಳ್ಳು ಬರೆದುಕೊಡುವವರೂ ಈ ಹೆಂಟೆ ಹೊರಲು ಹಿಂದೆ ಮುಂದೆ ನೋಡುತ್ತಾರೆ.

ಬೇವಿನ ಗಿಡ ಇನ್ನೂ ಇತ್ತು. ಗ್ಯಾನಪ್ಪ ತಾನು ಹೊರುತ್ತೇನೆಂದ. ವಿರೂಪಾಕ್ಷಪ್ಪ ತನಗೆ ಕುತ್ತಿಗೆ ನೋವು ಎಂದ.

"ಹೊಲದವ್ರು ಹೊರಂಗಿಲ್ಲ," ಎಂದ ಮುದಿಯಪ್ಪ. "ಅವತ್ತಿನ ಸಾಕ್ಷಿ ಮಾಸ್ತರ್ರು. ಅವ್ರ ಹೊರ್ಲಿ."

ಮಾಸ್ತರರ ತಲೆಯ ಮೇಲೆ ನೆನೆಸಿದ ಎರೆಮಣ್ಣಿನ ಹೆಂಟೆ ಇಟ್ಟರು. ಕಪ್ಪು ನೀರು ಹಣೆಯ ಮೇಲಿಂದ ಗಡ್ಡಕ್ಕೆ ಇಳಿಯಿತು. ಅವರು ನಡೆದರು. ಬೇವಿನ ಗಿಡ ದಾಟಿ ಬಯಲಿಗೆ ಹೋದರೆ ಸಿನಿಮಾ ಉಳಿಯುತ್ತದೆ. ತೆಗ್ಗಿಗೆ ಏನಾದರೂ ಹೇಳಬಹುದು. ನರಿ ತೋಡಿತ್ತು ಎನ್ನಬಹುದು. ಹಾರೆಯನ್ನು ನರಿ ತಂದಿತ್ತೇ ಎಂದು ಕೇಳಿದರೆ ಮಾತ್ರ ಕಷ್ಟ. ನಡೆಯುತ್ತ ನಡೆಯುತ್ತ ಅವರು ಗಿಡದ ಹತ್ತಿರ ನಿಧಾನವಾದರು.

ಪಕ್ಕದಲ್ಲಿ ಬರುತ್ತಿದ್ದ ಗವಿಸಿದ್ದೇಶ ಬಾಯಿ ಅಲುಗಿಸದೆ, "ಸರ, ಕಡೀ ಬಸ್ಸಿಗೆ ಹೊತ್ತಾತಂತ ಕಲ್ಲು ಬಯಲಾಗ ಬಿಟ್ಟು ಬಂದಿವ್ರಿ," ಎಂದ.

ಮಾಸ್ತರರು ಗಿಡದ ಬುಡದಲ್ಲಿ ನಿಂತು ಮಣ್ಣು ಇಳಿಸಿದರು.

"ಹಂಗಾದ್ರ ಸಿನಿಮಾ?" ಎಂದು ಮುದಿಯಪ್ಪ ಕೇಳಿದ.

"ಸಿನಿಮಾ ಸುಳ್ಳು," ಎಂದರು ಮಾಸ್ತರರು. ಅವರ ಜೀವನದ ಅತಿ ಚಿಕ್ಕ ಭಾಷಣ ಅದು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಭ್ಯಾಸಬಲ. "ಕಲ್ಲು ನಾನ ಸರಿಸಿದ್ದು. ಅಂದ್ರ, ಚೌಕಟ್ಟಿನ ಬಲಕ್ಕ ಭಾರ ಬೇಕಾಗಿತ್ತು. ಇಲ್ಲಿ ನೆರಳಿತ್ತು. ಅಲ್ಲಿ ಆಕಾಶ..."

"ಏನಂದಿ?" ಹೊಳಿಯಮ್ಮ ಮುಂದೆ ಬಂದಳು. ಮಾಸ್ತರರನ್ನು ಏಕವಚನದಲ್ಲಿ ಕರೆದದ್ದು ಅವಳಿಗೂ ಗೊತ್ತಾಗಲಿಲ್ಲ. "ನಿನ್ನ ಫೋಟೋ ಚಂದ ಕಾಣ್ಲಿ ಅಂತ ನಮ್ಮ ಕಲ್ಲು ಕಿತ್ತಿ? ಹನ್ನೆರಡು ವರ್ಷ ನನ್ನ ಗಂಡನ್ನ ಊರೆಲ್ಲಾ ಸುಳ್ಳ ಅಂತು. ಎರಡು ಮನಿ ಮಾತು ಬಿಟ್ವು. ಅವ್ರ ಮನ್ಯಾಗ ಸತ್ರ ನಾವು ಹೋಗ್ಲಿಲ್ಲ, ನಮ್ಮ ಮನ್ಯಾಗ ಹಡದ್ರ ಅವ್ರು ಬರ್ಲಿಲ್ಲ. ಆಕಾಶಂತ ಆಕಾಶ!"

ಯಾರೂ ನಗಲಿಲ್ಲ. ನಗುವುದು ಮರುದಿನದಿಂದ ಶುರುವಾಯಿತು. ಮಾಸ್ತರರು ಬಸ್ಸಿಳಿದು ಶಾಲೆಗೆ ನಡೆಯುವಾಗ ರಸ್ತೆಬದಿಯಲ್ಲಿ ಒಂದು ಕಲ್ಲು ಕಂಡರೆ ಸಾಕು, ಕಟ್ಟೆಯ ಮೇಲಿಂದ ಒಂದು ದನಿ ಬರುತ್ತಿತ್ತು: "ಮಾಸ್ತರ, ಮುಟ್ಟಬ್ಯಾಡ್ರಿ. ನೋಡ್ರಿ ಅಷ್ಟ."

ಗಡಿ ಬೇವಿನ ಬುಡಕ್ಕೇ ನಿಂತಿತು. ಫ್ಯಾನು ಗ್ಯಾನಪ್ಪನ ಹೊಲಕ್ಕೆ ಬಂತು. ಎರಡು ಮನೆಗಳ ನಡುವೆ ಮಾತು ಶುರುವಾಗಲಿಲ್ಲ. ಹನ್ನೆರಡು ವರ್ಷದ ಮೌನ ಎರಡೂ ಕಡೆಯವರಿಗೆ ರೂಢಿಯಾಗಿತ್ತು, ಬಿಡಲು ಹೊಸ ಕಾರಣ ಸಿಗಲಿಲ್ಲ.

ಕೆಲವು ದಿನ ಕಳೆದು ಹೊಳಿಯಮ್ಮ ಯಲಬುರ್ಗಾಕ್ಕೆ ಬಂದಳು. ಗವಿಸಿದ್ದೇಶನ ಸ್ಟುಡಿಯೋದಲ್ಲಿ ಮಾಸ್ತರರೂ ಇದ್ದರು. ಸೆರಗಿನ ಗಂಟಿನಿಂದ ಒಂದು ಹೊಸ ಪೆನ್‌ಡ್ರೈವ್ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

"ಆ ಸಿನಿಮಾ ಇದ್ರಾಗ ಹಾಕಿ ಕೊಡ್ರಿ. ನಾಳೆ ಮತ್ಯಾರರ ತಂಟಿ ತಗದ್ರ ಇರ್ಲಿ."

ಮಾಸ್ತರರ ಮುಖ ಅರಳಿತು. "ಪೂರ್ತಿ ಹಾಕಿಕೊಡ್ತೀನವಾ."

"ಪೂರ್ತಿ ಯಾಕ್ರಿ? ಮದ್ಲಿಂದೆಲ್ಲಾ ತಗದ್ಹಾಕ್ರಿ. ಬರೇ ಕಲ್ಲು, ಕಾಗಿ ಕಾಣೂದೇನೂ ಬ್ಯಾಡ. ತೆಗ್ಗು ಕಾಣತೈತಲ್ಲ, ಅಷ್ಟ ಇರ್ಲಿ."

ಗವಿಸಿದ್ದೇಶ ಮೌಸ್ ಹಿಡಿದು ಮಾಸ್ತರರನ್ನು ನೋಡಿದ. ತಮ್ಮ ಜೀವನದಲ್ಲಿ ಒಂದೇ ಒಂದು ಚೂರನ್ನೂ ಕತ್ತರಿಸದ ಮಾಸ್ತರರು ಪರದೆಯ ಹತ್ತಿರ ಬಗ್ಗಿದರು. ಸೂರ್ಯ ಇಳಿಯುತ್ತಿದ್ದ. ನೆರಳು ಮೂಡುತ್ತಿತ್ತು.

"ಇಲ್ಲಿಂದ ಕತ್ತರಸು," ಎಂದರು. ಆಮೇಲೆ, "ತಡಿ. ಇನ್ನೊಂದು ಸ್ವಲ್ಪ ಹಿಂದ. ನೆರಳು ನಿಧಾನಕ ಬರೂದು ಕಾಣ್ಬೇಕು."

"ಬ್ಯಾಡ್ರಿ," ಎಂದಳು ಹೊಳಿಯಮ್ಮ. "ತೆಗ್ಗು ಸಾಕು."

ಗವಿಸಿದ್ದೇಶ ಕತ್ತರಿಸಿದ.